ಜನಪ್ರಿಯ ಯೋಜನೆಗಳೂ ಎಡಪಕ್ಷಗಳೂ: ಕೊಡಗಿನ ಗಡಿಯಿಂದ ಒಂದು ನೋಟ



ಕುಶಾಲನಗರದ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ ನಿಂತು ನೋಡಿ. ಮೈಸೂರಿನ ಕಡೆಗೆ, ಮಡಿಕೇರಿಯ ಕಡೆಗೆ ಹೋಗುವ ಸರಕಾರಿ ಬಸ್ಸುಗಳಿಗೆ ಹೆಂಗಸರು ಹತ್ತುತ್ತಾರೆ. ಕಂಡಕ್ಟರ್ ಶೂನ್ಯ ದರದ ಚೀಟಿ ಹರಿದು ಕೊಡುತ್ತಾರೆ. ಅದೇ ರಸ್ತೆಯ ಅಂಚಿನಲ್ಲಿ ಜೀಪುಗಳೂ ಪಿಕಪ್ ಗಾಡಿಗಳೂ ನಿಂತಿರುತ್ತವೆ. ಕಾಫಿ ತೋಟದ ಕೆಲಸಕ್ಕೆ ಹೊರಟ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು, ಬುತ್ತಿಯ ಚೀಲ ಹಿಡಿದು ಅವುಗಳಲ್ಲಿ ಒತ್ತಿಕೊಂಡು ಕುಳಿತಿರುತ್ತಾರೆ. ತೋಟದ ಒಳದಾರಿಗಳಿಗೆ ಸರಕಾರಿ ಬಸ್ಸು ಹೋಗುವುದು ಕಡಿಮೆ. ಹಾಗಾಗಿ ಉಚಿತ ಪ್ರಯಾಣ ದಿನಗೂಲಿಯ ಈ ಹೆಣ್ಣುಮಕ್ಕಳಿಗೆ ಸಂತೆಗೆ, ಆಸ್ಪತ್ರೆಗೆ ಒದಗುತ್ತದೆಯೇ ಹೊರತು ಕೆಲಸಕ್ಕೆ ಅಷ್ಟಾಗಿ ಒದಗುವುದಿಲ್ಲ.

ಇದೇ ಊರಿನಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಚರ್ಚೆಯನ್ನು ನಾವು ಧ್ವನಿಮುದ್ರಿಸಿಕೊಂಡೆವು. ಕೊನೆಯ ಎರಡು ನಿಮಿಷ ಉಳಿದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಬಡವರ ಪಕ್ಷ ಅಂತ ಹೇಳಿಕೊಳ್ಳುವ ಎಡಪಕ್ಷಗಳಿಗೆ ಇಲ್ಲಿ ಒಂದು ಸೀಟೂ ಇಲ್ಲ. ಅಕ್ಕಿ ಕೊಟ್ಟವರು, ದುಡ್ಡು ಕೊಟ್ಟವರು ಬೇರೆಯವರು. ಅವರ ಹಾಗೆಯೇ ಇವರೂ ಮಾಡಿದರೆ ಏನು ತಪ್ಪು?" ವೇದಿಕೆಯ ಮೇಲಿದ್ದ ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಮಯ ಮುಗಿದಿತ್ತು. ಸಂಕಲನದ ಮೇಜಿನಲ್ಲಿ ಆ ಪ್ರಶ್ನೆಯನ್ನೇ ನಾನು ಕತ್ತರಿಸಬೇಕಾಯಿತು, ಏಕೆಂದರೆ ಉತ್ತರವಿಲ್ಲದ ಪ್ರಶ್ನೆಯಿಂದ ಕಾರ್ಯಕ್ರಮ ಮುಗಿಸುವ ಧೈರ್ಯ ನನಗಿರಲಿಲ್ಲ. ಇಂದು ಈ ಪುಟಗಳಲ್ಲಿ ಆ ಸಾಲ ತೀರಿಸುತ್ತಿದ್ದೇನೆ.

ನಾನು ಓದಿದ್ದು ವಿಜ್ಞಾನ. ಪ್ರಯೋಗಾಲಯದಲ್ಲಿ ಮೊದಲು ಕಲಿಸುವುದು, ಯಾವುದನ್ನು ಅಳೆಯುತ್ತಿದ್ದೇವೆ ಎಂಬುದನ್ನು ಸರಿಯಾಗಿ ಹೇಳಬೇಕೆಂದು. 'ಜನಪ್ರಿಯ ಯೋಜನೆ' ಎಂಬ ಮಾತನ್ನೇ ತೆಗೆದುಕೊಳ್ಳಿ. ಇಷ್ಟವಿದ್ದವರು ಅದನ್ನು 'ಭಾಗ್ಯ' ಎನ್ನುತ್ತಾರೆ, ಇಲ್ಲದವರು 'ಬಿಟ್ಟಿ' ಎನ್ನುತ್ತಾರೆ. ಇಂಗ್ಲಿಷಿನ 'ಪಾಪ್ಯುಲಿಸಂ' ಎಂಬ ಪದ ಅಮೆರಿಕದ ರೈತರ 'ಪೀಪಲ್ಸ್ ಪಾರ್ಟಿ'ಯಿಂದ ಚಲಾವಣೆಗೆ ಬಂತು. 1892ರಲ್ಲಿ ಒಮಾಹಾ ನಗರದಲ್ಲಿ ಸೇರಿದ ಆ ಪಕ್ಷ ಉಚಿತವಾಗಿ ಏನನ್ನೂ ಹಂಚುವ ಮಾತಾಡಲಿಲ್ಲ. ವರಮಾನ ಹೆಚ್ಚಿದಂತೆ ತೆರಿಗೆಯ ದರವೂ ಹೆಚ್ಚಬೇಕು, ರೈಲ್ವೆ ಸರಕಾರದ ಕೈಗೆ ಬರಬೇಕು ಎಂದು ಕೇಳಿತು. ಅಂದರೆ ಮೂಲದಲ್ಲಿ ಈ ಪದಕ್ಕೆ 'ಹಂಚಿಕೆ' ಎಂಬ ಅರ್ಥಕ್ಕಿಂತ 'ಸಾಮಾನ್ಯ ಜನ ಒಂದು ಕಡೆ, ಹಿಡಿಯಷ್ಟು ಬಲಾಢ್ಯರು ಇನ್ನೊಂದು ಕಡೆ' ಎಂಬ ಅರ್ಥವೇ ಮುಖ್ಯ. ನಮ್ಮಲ್ಲಿ ಹಂಚಿಕೆಯ ಅರ್ಥ ಮುಂದಾಗಿ, ಆ ಇನ್ನೊಂದು ಅರ್ಥ ಹಿಂದೆ ಸರಿದಿದೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಂಚಿಕೆಯ ಪರಂಪರೆ ದಕ್ಷಿಣ ಭಾರತಕ್ಕೆ ಹೊಸದಲ್ಲ. 1982ರಲ್ಲಿ ತಮಿಳುನಾಡಿನಲ್ಲಿ ಎಂ.ಜಿ. ರಾಮಚಂದ್ರನ್ ಮಧ್ಯಾಹ್ನದ ಊಟದ ಯೋಜನೆಯನ್ನು ವಿಸ್ತರಿಸಿದರು. 1983ರಲ್ಲಿ ಆಂಧ್ರದಲ್ಲಿ ಎನ್.ಟಿ. ರಾಮರಾವ್ ಎರಡು ರೂಪಾಯಿಗೆ ಕಿಲೋ ಅಕ್ಕಿಯ ಭರವಸೆಯ ಮೇಲೆ ಗೆದ್ದು ಬಂದರು. ಕರ್ನಾಟಕದಲ್ಲಿ 2013ರ ಜುಲೈಯಲ್ಲಿ ಅನ್ನಭಾಗ್ಯ ಆರಂಭವಾಯಿತು. ಮೊದಲು ಕಿಲೋಗೆ 1 ರೂಪಾಯಿ, 2015ರಿಂದ ಉಚಿತ. 2023ರಲ್ಲಿ ಐದು ಗ್ಯಾರಂಟಿಗಳು ಬಂದವು: ಜೂನ್ 11ರಿಂದ ಮಹಿಳೆಯರಿಗೆ ಬಸ್ ಪ್ರಯಾಣ, 200 ಯೂನಿಟ್‌ವರೆಗಿನ ಮನೆ ಬಳಕೆಯ ವಿದ್ಯುತ್ತು, ತಲೆಗೆ ಇನ್ನೂ 5 ಕಿಲೋ ಅಕ್ಕಿ (ಅಕ್ಕಿ ಸಿಗದೆ ಹೋದಾಗ ಕಿಲೋಗೆ 34 ರೂಪಾಯಿಯಂತೆ ನಗದು), ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಕೆಲಸ ಸಿಗದ ಹೊಸ ಪದವೀಧರರಿಗೆ ಯುವನಿಧಿ. 2024–25ರ ಬಜೆಟ್ಟಿನಲ್ಲಿ ಇವಕ್ಕೆ ಎತ್ತಿಟ್ಟ ಹಣ ಸುಮಾರು 52 ಸಾವಿರ ಕೋಟಿ ರೂಪಾಯಿ.

ಇವುಗಳಲ್ಲಿ ಯಾವುದನ್ನೂ ತಂದದ್ದು ಎಡಪಕ್ಷವಲ್ಲ. ಎಲ್ಲರಿಗೂ ಪಡಿತರ ಬೇಕೆಂದು ಎಡಪಕ್ಷಗಳೂ ಅವುಗಳ ಕಾರ್ಮಿಕ ಸಂಘಗಳೂ ಹತ್ತಾರು ವರ್ಷ ಧರಣಿ ಕುಳಿತದ್ದು ನಿಜ. ಆದರೆ ಕರ್ನಾಟಕದ ವಿಧಾನಸಭೆಯಲ್ಲಿ ಅವುಗಳ ಬಲ ಬಾಗೇಪಲ್ಲಿಯಂಥ ಒಂದೆರಡು ಕಡೆಗೆ ಸೀಮಿತವಾಗಿತ್ತು. ಅಲ್ಲಿ ಸಿ.ಪಿ.ಎಂ.ನ ಜಿ.ವಿ. ಶ್ರೀರಾಮರೆಡ್ಡಿ 1994ರಲ್ಲಿ ಮತ್ತು 2004ರಲ್ಲಿ ಗೆದ್ದರು. 2023ರ ಚುನಾವಣೆಯಲ್ಲಿ ಎಡಪಕ್ಷಗಳಿಗೆ ಒಂದು ಸ್ಥಾನವೂ ಬರಲಿಲ್ಲ. ಧರಣಿ ಒಬ್ಬರದು, ಮತ ಇನ್ನೊಬ್ಬರದು. ಹುಡುಗಿಯ ಪ್ರಶ್ನೆಯಲ್ಲಿದ್ದ ಚುಚ್ಚು ಇದೇ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಕಾಗದ ಪೆನ್ನು ತೆಗೆದುಕೊಳ್ಳಿ. ಒಂದು ಕಾಲ್ಪನಿಕ ತೋಟ. ಅಲ್ಲಿ ದುಡಿಯುವ ಕುಟುಂಬದ ತಿಂಗಳ ವರಮಾನ 15,000 ರೂಪಾಯಿ, ತೋಟದ ಸಾಹುಕಾರರ ವರಮಾನ 3,00,000 ಎಂದು ಇಟ್ಟುಕೊಳ್ಳಿ. ಒಂದಕ್ಕೆ ಇಪ್ಪತ್ತರ ಅನುಪಾತ. ಎಲ್ಲ ಭಾಗ್ಯಗಳೂ ಸೇರಿ ದುಡಿಯುವ ಕುಟುಂಬಕ್ಕೆ ತಿಂಗಳಿಗೆ 3,000 ರೂಪಾಯಿಯಷ್ಟು ಒದಗಿತು ಎನ್ನಿ. ಅದರ ವರಮಾನ ಶೇಕಡಾ 20 ಏರಿ 18,000 ಆಯಿತು. ಅದೇ ವರ್ಷ ಕಾಫಿಯ ಬೆಲೆ ಏರಿ ಸಾಹುಕಾರರ ವರಮಾನ ಬರಿಯ ಶೇಕಡಾ 10 ಹೆಚ್ಚಿ 3,30,000 ಆಯಿತು. ಅನುಪಾತ ಒಂದಕ್ಕೆ ಹದಿನೆಂಟರ ಹತ್ತಿರಕ್ಕೆ ಇಳಿಯಿತು. ಅಸಮಾನತೆ ಕಡಿಮೆಯಾಯಿತು ಎಂದು ಸರಕಾರ ಹೇಳಿಕೊಳ್ಳಬಹುದು. ಆದರೆ ಇಬ್ಬರ ನಡುವಿನ ಅಂತರ 2,85,000ದಿಂದ 3,12,000ಕ್ಕೆ ಬೆಳೆಯಿತು. ಸುಳ್ಳು ಯಾರೂ ಹೇಳಲಿಲ್ಲ. ಅಳತೆಗೋಲು ಬೇರೆಯಾಯಿತು, ಅಷ್ಟೇ. 2024ರಲ್ಲಿ ರೊಬಸ್ಟಾ ಕಾಫಿಯ ಬೆಲೆ ದಾಖಲೆ ಮಟ್ಟಕ್ಕೆ ಏರಿದ್ದನ್ನು ಕೊಡಗಿನ ಮಕ್ಕಳು ಮನೆಯಲ್ಲೇ ಕೇಳಿದ್ದೀರಿ.

ಇದು ವರಮಾನದ ಮಾತಾಯಿತು. ಆಸ್ತಿಯ ಮಾತು ಬೇರೆ. ಕುಶಾಲನಗರದ ಪಕ್ಕದಲ್ಲೇ ಹಾರಂಗಿ ಜಲಾಶಯವಿದೆ, ಎಂಟೂವರೆ ಟಿ.ಎಂ.ಸಿ. ನೀರು ಹಿಡಿಯುತ್ತದೆ. ಕಾಲುವೆಯಲ್ಲಿ ಇಂದು ಎಷ್ಟು ನೀರು ಹರಿಯಿತು ಎಂಬುದು ಒಂದು ಪ್ರಶ್ನೆ. ಅಣೆಕಟ್ಟಿನಲ್ಲಿ ಎಷ್ಟು ನಿಂತಿದೆ, ತೂಬಿನ ಕೀಲಿ ಯಾರ ಕೈಯಲ್ಲಿದೆ ಎಂಬುದು ಮತ್ತೊಂದು. ಅಕ್ಕಿ, ನಗದು, ಬಸ್ ಚೀಟಿ ಇವೆಲ್ಲ ಕಾಲುವೆಯ ನೀರು. ಭೂಮಿ, ಮನೆ, ಹಕ್ಕುಪತ್ರ ಇವು ಅಣೆಕಟ್ಟು. ಎರಡನ್ನೂ 'ಬಡವರ ಯೋಜನೆ' ಎಂಬ ಒಂದೇ ಹೆಸರಿನಲ್ಲಿ ಕರೆಯುವುದರಿಂದ ನಮ್ಮ ಚರ್ಚೆಗಳು ದಾರಿ ತಪ್ಪುತ್ತವೆ.

ಕರ್ನಾಟಕದಲ್ಲಿ ಅಣೆಕಟ್ಟಿಗೆ ಕೈಹಾಕಿದ ದೊಡ್ಡ ಉದಾಹರಣೆ ದೇವರಾಜ ಅರಸರ ಕಾಲದ ಭೂಸುಧಾರಣೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಭೂ ನ್ಯಾಯಮಂಡಳಿಗಳ ಮುಂದೆ ಅರ್ಜಿ ಹಾಕಿದ ಲಕ್ಷಾಂತರ ಗೇಣಿದಾರರು ಒಡೆಯರಾದರು. ಕರಾವಳಿಯಲ್ಲಿ ಇಂದಿಗೂ ಹಿರಿಯರು 'ಡಿಕ್ಲರೇಷನ್‌ನಲ್ಲಿ ಬಂದ ಜಾಗ' ಎನ್ನುತ್ತಾರೆ. ಅರಸರು ಎಡಪಕ್ಷದವರಲ್ಲ, ಕಾಂಗ್ರೆಸ್ಸಿನವರು. ಆದರೆ ಆ ಬೇಡಿಕೆಯನ್ನು ಊರೂರಿನಲ್ಲಿ ಕಾಯಿಸಿಟ್ಟವರಲ್ಲಿ ಸಮಾಜವಾದಿಗಳೂ ಕಮ್ಯುನಿಸ್ಟರೂ ಇದ್ದರು.

ಕೊಡಗಿನ ತೋಟದ ಆಳಿಗೆ ಇದರಿಂದ ಏನು ಬಂತು? ಏನೂ ಬರಲಿಲ್ಲವೆಂದೇ ಹೇಳಬೇಕು. ಅದೇ ಕಾಯಿದೆಯ 104ನೆಯ ಕಲಮು ಕಾಫಿಯಂಥ ಪ್ಲಾಂಟೇಷನ್‌ಗಳನ್ನು ಭೂಮಿತಿಯ ಹೊರಗಿಟ್ಟಿತು. ತೋಟವನ್ನು ತುಂಡು ಮಾಡಿದರೆ ಉತ್ಪಾದನೆಯೂ ರಫ್ತೂ ಕೆಡುತ್ತವೆ ಎಂಬುದು ವಾದ. ಅದರಲ್ಲಿ ಸ್ವಲ್ಪ ಹುರುಳೂ ಇದೆ. ಮೇಲಾಗಿ ತೋಟದ ಆಳು ಗೇಣಿದಾರನಲ್ಲ, ಕೂಲಿ. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆ, ಉಳದೆ ಚಿಗುರು ಕತ್ತರಿಸುವ, ಹಣ್ಣು ಕೊಯ್ಯುವ ಕೈಗಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಆ ಕೈಗಳು ವಾಸಿಸುವುದು 'ಲೈನ್ ಮನೆ'ಗಳಲ್ಲಿ. ಕೊಡಗಿನ ಹೊರಗಿನ ಓದುಗರಿಗಾಗಿ ಹೇಳುತ್ತೇನೆ: ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ, ತೋಟದ ಮಾಲೀಕರಿಗೆ ಸೇರಿದ ಕೋಣೆಗಳು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ದೊಡ್ಡ ತೋಟಗಳ ಮಾಲೀಕರು ಕಾರ್ಮಿಕರಿಗೆ ವಸತಿ ಕೊಡಬೇಕೆಂದು ಹೇಳಿತು, ಉದ್ದೇಶ ಒಳ್ಳೆಯದೇ. ಆದರೆ ಕೆಲಸ ಕೊಡುವವರೂ ಸೂರು ಕೊಡುವವರೂ ಒಬ್ಬರೇ ಆದಾಗ ಏನಾಗುತ್ತದೆ ಯೋಚಿಸಿ. ಕೂಲಿ ಸಾಲದೆಂದು ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಮಗಳ ಮದುವೆಗೋ ಕಾಯಿಲೆಗೋ ತೆಗೆದುಕೊಂಡ ಮುಂಗಡ ವಾರದ ಬಟವಾಡೆಯಲ್ಲಿ ಮುರಿಯುತ್ತಾ ಹೋಗುತ್ತದೆ. ತೀರುವವರೆಗೆ ಬೇರೆ ತೋಟಕ್ಕೆ ಹೋಗುವಂತಿಲ್ಲ. ಎಲ್ಲ ತೋಟಗಳಲ್ಲೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಆಳುಮಕ್ಕಳ ಓದಿಗೆ ನೆರವಾದ ಸಾಹುಕಾರರೂ ಇದ್ದಾರೆ. ಆದರೆ ಒಳ್ಳೆಯತನದ ಮೇಲೆ ನಿಂತ ಸೂರನ್ನು ಹಕ್ಕು ಎನ್ನಲಾಗದು.

ಇದು ಒಮ್ಮೆ ಬೀದಿಗೆ ಬಂದದ್ದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ ಅಥವಾ ಕೇಳಿದ್ದೀರಿ. ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ, ಲೈನ್ ಮನೆಗಳಿಂದ ಹೊರಬಂದ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳು ಗುಡಿಸಲು ಹಾಕಿಕೊಂಡಿದ್ದವು. ಜೇನುಕುರುಬರು, ಬೆಟ್ಟಕುರುಬರು, ಯರವರು. ಅದು ಪೈಸಾರಿ ಜಾಗವೆಂದು ಅವರು, ದೇವಮಚ್ಚಿ ಮೀಸಲು ಅರಣ್ಯವೆಂದು ಅರಣ್ಯ ಇಲಾಖೆ. 2016ರ ಡಿಸೆಂಬರ್ ಚಳಿಯಲ್ಲಿ ಗುಡಿಸಲುಗಳನ್ನು ಕೆಡವಲಾಯಿತು. ಆದಿವಾಸಿ, ದಲಿತ, ಎಡಪಂಥೀಯ ಸಂಘಟನೆಗಳು ಜೊತೆಯಾದವು, ರಾಜ್ಯವೆಲ್ಲ ಸುದ್ದಿಯಾಯಿತು. ಕೊನೆಗೆ ಸರಕಾರ ಅವರಲ್ಲಿ ಬಹುಪಾಲು ಕುಟುಂಬಗಳಿಗೆ ಕುಶಾಲನಗರದ ಸಮೀಪದ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನಿವೇಶನ ಕೊಟ್ಟು ಮನೆ ಕಟ್ಟಿಸಿತು. ಬೆಳಗಿನ ಜೀಪುಗಳ ಮಾತು ಹೇಳಿದೆನಲ್ಲ. ಸ್ವಂತ ಸೂರು ಸಿಕ್ಕಿತು, ಗೊತ್ತಿದ್ದ ತೋಟ, ಕಾಡು, ಕೆಲಸ ದೂರವಾದವು. ಆದರೂ ಒಂದು ಮಾತು ಗಮನಿಸಿ. ಯಾವ ಗ್ಯಾರಂಟಿಯ ಪಟ್ಟಿಯಲ್ಲೂ ಈ ನಿವೇಶನಗಳಿರಲಿಲ್ಲ. ಸಂಘಟಿತರಾಗಿ ಕೇಳಿದ್ದರಿಂದ ಬಂದವು.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನು ಇಡುತ್ತೇನೆ. 2022ರ ಕೊನೆಯಲ್ಲಿ ರಾಜ್ಯ ವಿಧಾನಮಂಡಲ ಭೂಕಂದಾಯ ಕಾಯಿದೆಗೆ ಒಂದು ತಿದ್ದುಪಡಿ ತಂದಿತು. ಸರಕಾರಿ ಜಮೀನನ್ನು ಒತ್ತುವರಿ ಮಾಡಿ ಕಾಫಿ ಮೊದಲಾದ ಬೆಳೆ ಬೆಳೆದವರಿಗೆ, ಗರಿಷ್ಠ 25 ಎಕರೆಯವರೆಗೆ, 30 ವರ್ಷಗಳ ಗುತ್ತಿಗೆ ಕೊಡುವ ಅವಕಾಶ ಅದರಲ್ಲಿದೆ. ನಾಲ್ಕು ಸೆಂಟಿನ ಗುಡಿಸಲು ಅತಿಕ್ರಮಣವಾಗುತ್ತದೆ, ಇಪ್ಪತ್ತೈದು ಎಕರೆಯ ಒತ್ತುವರಿ ಗುತ್ತಿಗೆಯಾಗುತ್ತದೆ. ಆದರೆ ಇದನ್ನು ಯಾರೂ 'ಬಿಟ್ಟಿ ಭಾಗ್ಯ' ಎಂದು ಕರೆದದ್ದು ನಾನು ಕೇಳಿಲ್ಲ.

ಹಾಗಾದರೆ ಅಕ್ಕಿ, ನಗದು ಇವೆಲ್ಲ ಬರಿಯ ಕಣ್ಣೊರೆಸುವ ತಂತ್ರವೇ? ಎಡಪಕ್ಷಗಳ ಕೆಲವು ಹಿರಿಯರು ಹಾಗೆ ಹೇಳುವುದನ್ನು ಕೇಳಿದ್ದೇನೆ, ನನಗೆ ಒಪ್ಪಿಗೆಯಿಲ್ಲ. ಅನ್ನಭಾಗ್ಯ ಬಂದಾಗ ಎದ್ದ ದೂರು ನೆನಪಿಸಿಕೊಳ್ಳಿ: "ಜನ ಸೋಮಾರಿಗಳಾದರು, ತೋಟಕ್ಕೆ ಆಳು ಬರುತ್ತಿಲ್ಲ." ಪತ್ರಿಕೆಗಳಲ್ಲಿ ಬಂತು, ಸಾಹಿತಿಗಳಲ್ಲೂ ಕೆಲವರು ಹೇಳಿದರು. ಆ ದೂರಿನೊಳಗೇ ಅದರ ಉತ್ತರವಿದೆ. ಮನೆಯಲ್ಲಿ ಒಂದು ತಿಂಗಳ ಅಕ್ಕಿ ಇದ್ದವನು "ಈ ಕೂಲಿಗೆ ಬರುವುದಿಲ್ಲ" ಎಂದು ಹೇಳಬಲ್ಲ. ಇಲ್ಲದವನು ಹೇಳಲಾರ. ಯಜಮಾನಿಯ ಖಾತೆಗೆ ಬಂದ ಎರಡು ಸಾವಿರ, ಮುಂಗಡಕ್ಕೆ ಕೈಚಾಚುವ ಒಂದು ಸಂದರ್ಭವನ್ನಾದರೂ ತಪ್ಪಿಸಿದರೆ, ಅದು ಕೂಲಿಯ ಮಾತುಕತೆಯಲ್ಲಿ ಅವಳ ಬೆನ್ನಿಗೆ ನಿಂತಂತೆಯೇ. ಕಾಲುವೆಯ ನೀರು ಅಣೆಕಟ್ಟಲ್ಲ, ಆದರೆ ಬಾಯಾರಿದವನಿಗೆ ಹೋರಾಡುವ ತ್ರಾಣ ಬರುವುದು ಆ ನೀರಿನಿಂದಲೇ.

ಇನ್ನು, ದುಡ್ಡು ಎಲ್ಲಿಂದ ಬರುತ್ತದೆ? ಎಡಪಕ್ಷಗಳು ಜನಪ್ರಿಯ ಯೋಜನೆಗಳನ್ನು ಅಪ್ಪಿಕೊಳ್ಳುವ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು ಎಂದು ನನ್ನ ಎಣಿಕೆ. 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ರಾಜ್ಯಗಳ ಕೈಯಲ್ಲಿ ಸ್ವತಂತ್ರವಾಗಿ ಉಳಿದ ತೆರಿಗೆಗಳು ಕೆಲವೇ: ಮದ್ಯದ ಅಬಕಾರಿ, ಪೆಟ್ರೋಲು ಡೀಸೆಲಿನ ಮಾರಾಟ ತೆರಿಗೆ, ವಾಹನ ತೆರಿಗೆ, ನೋಂದಣಿ ಮುದ್ರಾಂಕ. 2023ರ ಜುಲೈ ಬಜೆಟ್ಟಿನಲ್ಲಿ ಮದ್ಯದ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇಕಡಾ 20ರಷ್ಟು ಏರಿಸಲಾಯಿತು. ಲೈನ್ ಮನೆಯ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಬಟವಾಡೆಯ ದಿನ ಗಂಡ ಬ್ರಾಂದಿ ಅಂಗಡಿಯಲ್ಲಿ ಕಟ್ಟುವ ತೆರಿಗೆಯ ಒಂದು ಪಾಲು ತಿಂಗಳ ಕೊನೆಗೆ ಹೆಂಡತಿಯ ಖಾತೆಗೆ ಬರುತ್ತದೆ. ಗಂಡನ ಜೇಬಿನಿಂದ ಹೆಂಡತಿಯ ಕೈಗೆ ಬಂದದ್ದು ಒಳ್ಳೆಯದೇ ಎನ್ನುವವರಿದ್ದಾರೆ. ಇರಬಹುದು. ಆದರೆ ಅದು ಬಡವರಿಂದ ಬಡವರಿಗೆ ಹೋದ ಹಣ. ಇದಲ್ಲದೆ, 2023–24ರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆಯ 11 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಮೊತ್ತವನ್ನು ಗ್ಯಾರಂಟಿಗಳಿಗೆ ಹೊಂದಿಸಲಾಯಿತು. ಆ ವರ್ಗಗಳ ಫಲಾನುಭವಿಗಳಿಗೇ ಖರ್ಚು ಮಾಡಿದ್ದೇವೆ ಎಂದು ಸರಕಾರ ಸಮರ್ಥಿಸಿತು. ದಿಡ್ಡಳ್ಳಿಯವರಂಥವರಿಗೆ ಮನೆ, ಜಮೀನು ಕೊಡಬೇಕಾದ ಬಾಬ್ತಿನಿಂದ ಎಲ್ಲರಿಗೂ ಸಿಗುವ ಮಾಸಿಕ ನಗದು ಕೊಟ್ಟರೆ, ಅಣೆಕಟ್ಟಿನ ಸಿಮೆಂಟು ಮಾರಿ ಕಾಲುವೆಗೆ ನೀರು ಬಿಟ್ಟಂತಾಗುತ್ತದೆ.

ಇತ್ತ ಕೃಷಿ ವರಮಾನ ಕೇಂದ್ರದ ಆದಾಯ ತೆರಿಗೆಯ ಹೊರಗಿದೆ. ಅದರ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ರಾಜ್ಯಗಳಿಗೆ ಕೊಟ್ಟಿದೆ. ಒಮಾಹಾದ ರೈತರು ಕೇಳಿದ್ದು ಇದನ್ನೇ, ಹೆಚ್ಚು ಗಳಿಸುವವರು ಹೆಚ್ಚು ಕಟ್ಟಲಿ ಎಂದು. ನಮ್ಮಲ್ಲಿ ಕೊಡುವ ಮಾತನ್ನು ಎಲ್ಲ ಪಕ್ಷಗಳೂ ಕಲಿತವು, ತೆಗೆದುಕೊಳ್ಳುವ ಮಾತನ್ನು ಯಾರೂ ಎತ್ತುವುದಿಲ್ಲ.

ಸಾಲ ಮಾಡಿ, ನೋಟು ಮುದ್ರಿಸಿ ಹಂಚಿದರೆ ಏನಾಗುತ್ತದೆ ಎಂಬುದಕ್ಕೆ ಪೆರು ದೇಶ ಪಾಠ. 1985ರಲ್ಲಿ ಅಧಿಕಾರಕ್ಕೆ ಬಂದ ಆಲನ್ ಗಾರ್ಸಿಯಾ ವಿದೇಶಿ ಸಾಲದ ಮರುಪಾವತಿಯನ್ನು ರಫ್ತಿನ ಗಳಿಕೆಯ ಹತ್ತನೆಯ ಒಂದು ಪಾಲಿಗೆ ಮಿತಿಗೊಳಿಸಿ, ಕೂಲಿ ಏರಿಸಿ, ಬೆಲೆಗಳನ್ನು ಕಟ್ಟಿಹಾಕಿದರು. ಎರಡು ವರ್ಷ ಜನ ಸುಖವಾಗಿದ್ದರು. 1990ರ ಹೊತ್ತಿಗೆ ಹಣದುಬ್ಬರ ವರ್ಷಕ್ಕೆ ಶೇಕಡಾ ಏಳು ಸಾವಿರ ದಾಟಿತು. ಕೂಲಿಯವರ ಸಂಬಳವೇ ಮೊದಲು ಕರಗಿತು. ಭಾರತದ ರಾಜ್ಯಗಳು ನೋಟು ಮುದ್ರಿಸಲಾರವು, ಸಾಲಕ್ಕೂ ಮಿತಿಯಿದೆ. ಆದ್ದರಿಂದ ಇಲ್ಲಿ ದುರಂತ ಆ ಬಗೆಯಲ್ಲಿ ಬರುವುದಿಲ್ಲ. ಶಾಲೆಯ ಕಟ್ಟಡ, ಆಸ್ಪತ್ರೆಯ ದಾದಿ, ಹಳ್ಳಿಯ ರಸ್ತೆ ಮೆಲ್ಲನೆ ಕಡಿಮೆಯಾಗುತ್ತಾ ಬರುತ್ತವೆ.

ಎಡಪಕ್ಷಗಳೇ ಆಳಿದ ಕಡೆ ಏನಾಯಿತೆಂದು ನೋಡಲು ದೂರ ಹೋಗಬೇಕಿಲ್ಲ. ಕೊಡಗಿನ ಬೆಟ್ಟ ಇಳಿದರೆ ಕೇರಳ. ಅಲ್ಲಿನ ಕಾಸರಗೋಡಿನಲ್ಲಿ ನಮ್ಮದೇ ಭಾಷೆಯವರಿದ್ದಾರೆ. 1970ರ ಜನವರಿ 1ರಿಂದ ಜಾರಿಗೆ ಬಂದ ಕೇರಳದ ಭೂಸುಧಾರಣೆ, ಇನ್ನೊಬ್ಬರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡ ಕೂಲಿಗೂ ಹಕ್ಕು ಕೊಟ್ಟಿತು: ಪಂಚಾಯತಿಯಲ್ಲಿ 10 ಸೆಂಟು, ಪಟ್ಟಣದಲ್ಲಿ 5, ಮಹಾನಗರದಲ್ಲಿ 3. ನಮ್ಮ ಕಾಯಿದೆಯ ಘೋಷಣೆಯಲ್ಲಿ ಕಾಣದಿದ್ದ ಕೂಲಿ ಅಲ್ಲಿ ಕಂಡ. ಹತ್ತು ವರ್ಷಗಳ ನಂತರ, 1980ರಲ್ಲಿ, ಕೃಷಿ ಕಾರ್ಮಿಕರ ಪಿಂಚಣಿ ಬಂತು. ಆಗ ತಿಂಗಳಿಗೆ 45 ರೂಪಾಯಿ. ಕ್ರಮವನ್ನು ಗಮನಿಸಿ: ಮೊದಲು ಕಾಲಿಡಲು ನೆಲ, ಆಮೇಲೆ ನಗದು. ಆ ಕೂಲಿ ಯಜಮಾನರೊಡನೆ ಮಾತಾಡುವಾಗ ತನ್ನ ಅಂಗಳದಲ್ಲೇ ನಿಂತು ಮಾತಾಡಬಲ್ಲವನಾಗಿದ್ದ.

ಆದರೆ ಕೇರಳವನ್ನು ಹೊಗಳಿ ಮುಗಿಸಿದರೆ ಅರ್ಧ ಸತ್ಯವಾಗುತ್ತದೆ. ಪ್ಲಾಂಟೇಷನ್‌ಗಳನ್ನು ಆ ಕಾಯಿದೆಯೂ ಭೂಮಿತಿಯಿಂದ ಬಿಟ್ಟಿತು. 2015ರಲ್ಲಿ ಮುನ್ನಾರಿನ ಚಹಾ ತೋಟಗಳ ಹೆಂಗಸರು ಬೋನಸ್ಸಿಗಾಗಿ ಮುಷ್ಕರ ಹೂಡಿದಾಗ, ಕಂಪನಿಯ ವಿರುದ್ಧ ಮಾತ್ರವಲ್ಲ, ಎಡಪಕ್ಷಗಳವೂ ಸೇರಿ ಎಲ್ಲ ಕಾರ್ಮಿಕ ಸಂಘಗಳ ಮುಖಂಡರ ವಿರುದ್ಧವೂ ಕೂಗಿದರು. ಅದೇ ಮುನ್ನಾರಿನ ಬಳಿಯ ಪೆಟ್ಟಿಮುಡಿಯಲ್ಲಿ 2020ರ ಆಗಸ್ಟಿನಲ್ಲಿ ಗುಡ್ಡ ಕುಸಿದು 70 ಜನ ಸತ್ತದ್ದು ಲೈನ್ ಮನೆಗಳಲ್ಲಿ ಮಲಗಿದ್ದಾಗ. 2018ರ ಮಳೆಯನ್ನು ಕಂಡ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಶ್ಚಿಮ ಬಂಗಾಳದಲ್ಲೂ ಅಷ್ಟೇ: 1978ರಿಂದ ಲಕ್ಷಾಂತರ ಪಾಲುಗಾರರ ಹೆಸರು ದಾಖಲಿಸಿ ಹೆಸರು ಗಳಿಸಿದ ಎಡರಂಗ, 2011ರಲ್ಲಿ ಸೋಲುವ ಹೊತ್ತಿಗೆ ರೈತರ ಭೂಮಿ ಕಿತ್ತುಕೊಂಡವರೆಂಬ ಅಪವಾದ ಹೊತ್ತಿತ್ತು.

ಜನಪ್ರಿಯತೆಯ ಇನ್ನೊಂದು ಅಪಾಯ, ಆರಂಭದಲ್ಲಿ ಹೇಳಿದ 'ಜನ' ಮತ್ತು 'ಅವರು' ಎಂಬ ಗೆರೆಯಲ್ಲಿದೆ. ಕೊಡಗಿನಲ್ಲಿ ಈ ಗೆರೆ ಎಲ್ಲಿ ಎಳೆಯುತ್ತೀರಿ? ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಮೂರು ನಾಲ್ಕು ಎಕರೆಯವರು ತಾವೇ ಹಣ್ಣು ಕೊಯ್ಯುತ್ತಾರೆ. 1990ರ ದಶಕದಲ್ಲಿ ಕಾಫಿ ಮಂಡಳಿಯ ಸಾಮೂಹಿಕ ಮಾರಾಟ ಹೋದ ಮೇಲೆ ಜಗತ್ತಿನ ಬೆಲೆ ಬಿದ್ದಾಗಲೆಲ್ಲ ಅವರ ಮನೆಯ ಮಕ್ಕಳ ಶುಲ್ಕ ನಿಂತುಹೋದದ್ದೂ ಉಂಟು. 'ಸಾಹುಕಾರರ ವಿರುದ್ಧ' ಎಂಬ ಒಂದೇ ಘೋಷಣೆಯಲ್ಲಿ ಅವರನ್ನೂ ಸೇರಿಸಿದರೆ ಅನ್ಯಾಯ. ಇನ್ನೊಂದು ಕಡೆ, ಅಸ್ಸಾಮಿನಿಂದ ಬಂದ ಕೂಲಿಗಳು ಈಗ ತೋಟಗಳಲ್ಲಿ ದುಡಿಯುತ್ತಿದ್ದಾರೆ. "ನಮ್ಮ ಕೂಲಿ ಇಳಿದದ್ದು ಅವರಿಂದ" ಎಂದು ಗೆರೆಯನ್ನು ಅವರ ಕಡೆಗೆ ತಿರುಗಿಸುವುದು ಬಹಳ ಸುಲಭ, ಓಟೂ ಬರುತ್ತದೆ. ಅಲ್ಲಿಗೆ ಅದು ಎಡಪಕ್ಷವಾಗಿ ಉಳಿಯುವುದಿಲ್ಲ.

ಈಗ ಆ ಹುಡುಗಿಗೆ ನೇರ ಉತ್ತರ. ಹೌದಮ್ಮ, ಎಡಪಕ್ಷಗಳು ಅಕ್ಕಿಯನ್ನೂ ನಗದನ್ನೂ ಮೂಗು ಮುರಿಯದೆ ಒಪ್ಪಿಕೊಳ್ಳಲಿ. ಅದನ್ನು ಹಕ್ಕೆಂದು ಕಾಯಿದೆಯಲ್ಲಿ ಬರೆಸಲಿ, ಸರಕಾರ ಬದಲಾದರೆ ನಿಂತುಹೋಗದ ಹಾಗೆ. ಆದರೆ ಎರಡು ಸಾವಿರಕ್ಕೆ ಮೂರು ಸಾವಿರ ಎಂದು ಹರಾಜಿಗೆ ನಿಂತರೆ ದೊಡ್ಡ ಪಕ್ಷಗಳ ಎದುರು ಅವರು ಗೆಲ್ಲುವುದಿಲ್ಲ. ಕೊಡಲು ಅವರ ಕೈಯಲ್ಲಿ ಖಜಾನೆಯೇ ಇಲ್ಲ. ಬೇರೆಯವರು ಕೇಳಲು ಹಿಂಜರಿಯುವ ಪ್ರಶ್ನೆಗಳು ಅವರಿಗೆ ಉಳಿದಿವೆ: ಲೈನ್ ಮನೆಯಲ್ಲಿ ಎರಡು ತಲೆಮಾರು ದುಡಿದವರಿಗೆ ಸ್ವಂತ ನಿವೇಶನ ಏಕಿಲ್ಲ? ಒತ್ತುವರಿ ಗುತ್ತಿಗೆಗೆ ಕೊಡುವಾಗ ಅದರಲ್ಲಿ ಒಂದು ಪಾಲು ವಸತಿಗೆ ಏಕೆ ಮೀಸಲಾಗಬಾರದು? ದೊಡ್ಡ ತೋಟಗಳ ವರಮಾನಕ್ಕೆ ತೆರಿಗೆ ಎಷ್ಟು? ಇವುಗಳಿಂದ ಮುಂದಿನ ಚುನಾವಣೆಯಲ್ಲಿ ಸೀಟು ಬರುತ್ತದೆಂದು ನಾನು ಹೇಳಲಾರೆ. ಬರದೆಯೂ ಇರಬಹುದು.

ಕಾರ್ಯಕ್ರಮ ಮುಗಿದ ಮೇಲೆ ನಮ್ಮ ಕ್ಯಾಮೆರಾದವರು ತಂತಿ ಸುತ್ತುತ್ತಿದ್ದಾಗ ಅವಳು ಹತ್ತಿರ ಬಂದು ಇನ್ನೊಂದು ಮಾತು ಹೇಳಿದಳು. ಅವಳ ಅಮ್ಮ ತೋಟದ ಕೆಲಸಕ್ಕೆ ಹೋಗುವವರು. ಗೃಹಲಕ್ಷ್ಮಿಯ ಹಣ ಕಾಲೇಜಿನ ಶುಲ್ಕಕ್ಕೆ ಹೋಯಿತಂತೆ. ಆದರೆ ಪಡಿತರ ಚೀಟಿ ಮಾಡಿಸಲು ವಿಳಾಸದ ದಾಖಲೆ ಬೇಕೆಂದಾಗ, ಲೈನ್ ಮನೆಗೆ ಅವರ ಹೆಸರಿನ ಕಾಗದವಿಲ್ಲದೆ, ತೋಟದ ರೈಟರ ಹತ್ತಿರ ಪತ್ರ ಬರೆಸಿಕೊಳ್ಳಲು ಎರಡು ದಿನದ ಕೂಲಿ ಬಿಟ್ಟು ಓಡಾಡಿದರಂತೆ. "ಆ ಪತ್ರ ಕೊಡದಿದ್ದರೆ ಅಕ್ಕಿಯೂ ಇಲ್ಲ, ದುಡ್ಡೂ ಇಲ್ಲ ಸರ್," ಎಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು.